ಬಸ್ಸಿನ ಹೊಗೆ ಬರೆದಿಟ್ಟ ದಿನಗಳು

ಎಪ್ಪತ್ತೈದನೇ ಇಸವಿಯ ನನ್ನ ನೋಟುಪುಸ್ತಕದಲ್ಲಿ ಫೆಬ್ರುವರಿ ತಿಂಗಳ ಪುಟಗಳು ಮಿಕ್ಕವುಗಳಂತಿಲ್ಲ. ಬೇರೆ ತಿಂಗಳುಗಳಲ್ಲಿ ಬಸ್ಸು ಹೊರಟ ಹೊತ್ತು, ಮುಟ್ಟಿದ ಹೊತ್ತು, ಟೈಪಿಂಗ್ ಕ್ಲಾಸಿನಲ್ಲಿ ನಿಮಿಷಕ್ಕೆ ಹೊಡೆದ ಪದಗಳು, ಮಾಡಿದ ತಪ್ಪುಗಳು, ಇಷ್ಟನ್ನೇ ಗೆರೆ ಎಳೆದು ಬರೆದಿದ್ದೇನೆ. ಆ ತಿಂಗಳಲ್ಲಿ ಒಂದು ಕಾಲಂ ಹೆಚ್ಚಾಗಿದೆ. ಅದರ ತಲೆಯ ಮೇಲೆ ‘ಹೊಗೆ’ ಎಂದಿದೆ. ‘ಸೋಮವಾರ, ಮೂರು. ಊರು ಬಿಡುವಾಗ ಬಿಳಿ. ಯಲ್ಲದಕೆರೆ ದಾಟಿದ ಮೇಲೆ ಏನೂ ಇಲ್ಲ. ಸಂಜೆ ಏರಿನಲ್ಲಿ ಕಪ್ಪು, ದಟ್ಟ, ಹುಣಸೆಮರದಷ್ಟು ಎತ್ತರ.’

ನಮ್ಮ ಊರಿಗೆ ಇದ್ದದ್ದು ಒಂದೇ ಬಸ್ಸು. ಯಲ್ಲದಕೆರೆಯಿಂದಲೂ ಒಳಗೆ, ಒಂದು ಉದ್ದನೆಯ ಏರು ಹತ್ತಿ ಬರಬೇಕಾದ ಊರು ನಮ್ಮದು. ರಾತ್ರಿ ಬಸ್ಸು ನಮ್ಮಲ್ಲೇ ತಂಗಿ, ಬೆಳಿಗ್ಗೆ ಏಳೂವರೆಗೆ ಹಿರಿಯೂರಿಗೆ ಹೋಗಿ, ಸಂಜೆ ನಾಲ್ಕೂ ಮುಕ್ಕಾಲಿಗೆ ಅಲ್ಲಿಂದ ಹೊರಟು ಆರೂಕಾಲಿಗೆ ವಾಪಸ್ ಬರುತ್ತಿತ್ತು. ಮುಂದಕ್ಕೆ ಮೂತಿ ಚಾಚಿದ ಹಳೇ ಕಾಲದ ಬಸ್ಸು. ಅದನ್ನು ಓಡಿಸುತ್ತಿದ್ದವನು ನನ್ನ ಸೋದರಮಾವ.

ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ ಮನೆಯಲ್ಲಿದ್ದ ನಾನು ಹತ್ತೊಂಬತ್ತನೇ ವಯಸ್ಸಿಗೆ ಹಿರಿಯೂರಿನಲ್ಲಿ ಟೈಪಿಂಗ್ ಕಲಿಯಲು ಸೇರಿದ್ದು ಆ ಬಸ್ಸು ಇದ್ದದ್ದರಿಂದಲೇ. ಅಪ್ಪ ಕುರಿ ಮೇಯಿಸುವವನು, ಮಾತು ಕಡಿಮೆ. ಒಪ್ಪಿಗೆ ಕೊಡುವಾಗ ಹೇಳಿದ್ದು ಇಷ್ಟೇ: “ದೀಪ ಹಚ್ಚೋ ಹೊತ್ತಿಗೆ ಮನೇಲಿರ್ಬೇಕು ಕಣವ್ವ. ಬಸ್ ತಪ್ತು, ನಾಳೆ ಬರ್ತೀನಿ ಅನ್ನೋದೆಲ್ಲ ಬ್ಯಾಡ. ಹಂಗಾದ್ರೆ ಅಲ್ಲಿಗೇ ಬಿಟ್ಬಿಡು.” ಮೇ ತಿಂಗಳಲ್ಲಿ ನನ್ನ ಟೈಪಿಂಗಿನ ಮೊದಲ ಹಂತದ, ಲೋಯರ್ ಪರೀಕ್ಷೆ ಇತ್ತು. ಆ ಬಸ್ಸು ನಿಂತರೆ ಪರೀಕ್ಷೆಯೂ ಇಲ್ಲ, ಟೈಪಿಂಗೂ ಇಲ್ಲ.

ಬಸ್ಸು ನಿಲ್ಲಬಹುದು ಎಂಬ ಸುದ್ದಿ ತಂದವನು ಮಾವನೇ. ಒಂದು ಭಾನುವಾರ ನಮ್ಮ ಜಗಲಿಯ ಮೇಲೆ ಕೂತು ಹೇಳಿದ: “ಈ ತಿಂಗಳ ಕೊನೆಗೆ ಎಫ್‌ಸಿ ಮುಗೀತೈತೆ. ದುರ್ಗಕ್ಕೆ ಹೊಸ ಸಾಹೇಬ್ರು ಬಂದವ್ರೆ. ಬ್ರೇಕ್‌ಗಿಂತ ಹೊಗೇನೇ ಜಾಸ್ತಿ ನೋಡ್ತಾರಂತೆ. ಹೊಳಲ್ಕೆರೆ ಕಡೆ ಬಸ್ಸೊಂದನ್ನ ಹಿಂದಕ್ಕೆ ಕಳಿಸಿದ್ರಂತೆ.” ಎಫ್‌ಸಿ ಎಂದರೆ ಗಾಡಿ ರಸ್ತೆಗೆ ಇಳಿಯಲು ಯೋಗ್ಯವಾಗಿದೆ ಎಂದು ಬ್ರೇಕ್ ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬರೆದುಕೊಡುವ ಪತ್ರ. ಅದಿಲ್ಲದೆ ಬಸ್ಸು ಓಡುವಂತಿಲ್ಲ. “ಫೇಲಾದ್ರೆ ಬಸ್ಸಿನ ಸಾವ್ಕಾರ್ರು ಇದನ್ನ ಗುಜರಿಗೆ ಹಾಕ್ತೀನಿ ಅಂತ ಕುಂತವ್ರೆ,” ಅಂದ.

ಹಿರಿಯೂರಿನ ಮೇಸ್ತ್ರಿ, ಅಂದರೆ ಬಸ್ಸಿನ ರಿಪೇರಿ ಮಾಡುವವರು, ಮಾವನನ್ನು ಒಂದು ಪ್ರಶ್ನೆ ಕೇಳಿದ್ದರಂತೆ. ಹೊಗೆ ಯಾವ ಬಣ್ಣ, ಎಲ್ಲೆಲ್ಲಿ ಬರುತ್ತದೆ? ಮಾವನಿಗೆ ಗೊತ್ತಿರಲಿಲ್ಲ. ಓಡಿಸುವವನಿಗೆ ತನ್ನ ಬಸ್ಸಿನ ಹೊಗೆ ಕಾಣುವುದೇ ಇಲ್ಲ.

“ಅಲ್ಲ ಕಣಮ್ಮ, ಬಸ್ಸು ಎಷ್ಟೊತ್ತಿಗೆ ಸೀನ್ತು, ಎಷ್ಟೊತ್ತಿಗೆ ನಿಂತ್ಕಂತು, ಎಲ್ಲಾ ಬರ್ಕಂತಿಯಲ್ಲ. ಜತಿಗೆ ಹೊಗೇನೂ ಬರ್ದುಬಿಡು,” ಅಂದ ಮಾವ.

“ಹೊಗೆ ಬರೆಯೋಕೆ ಹೈಸ್ಕೂಲ್ ಓದಿಸ್ಬೇಕಾಗಿತ್ತೇನೋ,” ಅಂತ ಒಳಗಿನಿಂದ ಅಜ್ಜಿ, ಅಪ್ಪನ ತಾಯಿ, ಕೂಗಿದಳು.

ಹೆಂಗಸರು ಕೂರುವುದು ಬಸ್ಸಿನ ಮುಂಭಾಗದಲ್ಲಿ. ನಾನು ಮೂರನೇ ತಾರೀಕಿನಿಂದ ಕೊನೆಯ ಸೀಟಿಗೆ ಹೋದೆ. ಹಿಂದಿನ ಗಾಜಿಗೆ ಮುಖ ಮಾಡಿ, ಸೀಟಿನ ಮೇಲೆ ಮಂಡಿಯೂರಿ, ಮಡಚಿದ ಪುಸ್ತಕ ಹಿಡಿದು ಕೂರುತ್ತಿದ್ದೆ. ಬಸ್ಸಿನಲ್ಲಿದ್ದ ಎಲ್ಲರೂ ಹೋಗುವ ದಾರಿ ನೋಡುತ್ತಿದ್ದರೆ ನಾನೊಬ್ಬಳು ಬಿಟ್ಟು ಬಂದ ದಾರಿ ನೋಡುತ್ತಿದ್ದೆ. ಎರಡೇ ದಿನದಲ್ಲಿ ಅದು ಅಭ್ಯಾಸವಾಯಿತು. ಮರಗಳು ಎದುರಿಗೆ ಬರುವ ಬದಲು ನಮ್ಮ ಪಕ್ಕದಿಂದ ಹುಟ್ಟಿ, ಚಿಕ್ಕದಾಗುತ್ತಾ ಹೋಗಿ, ರಸ್ತೆಯ ತುದಿಯಲ್ಲಿ ಒಂದಾಗುತ್ತಿದ್ದವು. ಕೈ ಬೀಸಿದ ಹುಡುಗರು ಕೈ ಬೀಸುತ್ತಲೇ ಕರಗುತ್ತಿದ್ದರು. ಎಲ್ಲಕ್ಕೂ ನಡುವೆ ಹೊಗೆ.

ಬೆಳಗಿನ ಬಿಳಿ ಹೊಗೆ ಮೇಲೇಳುತ್ತಿರಲಿಲ್ಲ. ಚಳಿಗೆ ನೆಲ ಹಿಡಿದು, ಹತ್ತಿ ಬಿಡಿಸಿದ ಕರಿಹೊಲಗಳ ಮೇಲೆ ಹಾಸಿಕೊಂಡು ಮಲಗುತ್ತಿತ್ತು. ಒಮ್ಮೆ ಅದರೊಳಗಿಂದ ಬರೀ ತಲೆ ಕಾಣುವ ಹಾಗೆ ಒಬ್ಬ ಮುದುಕ ನಡೆದುಬಂದ. ನೀಲಿ ಹೊಗೆ ಬಿಸಿಲಿಗೆ ಎದುರಾದಾಗ ಮಾತ್ರ ಕಾಣುತ್ತಿತ್ತು. ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬಿಟ್ಟ ಕೂಡಲೇ ಎಳೆ ಎಳೆಯಾಗಿ ಹೋಗುತ್ತದಲ್ಲ, ಹಾಗೆ. ಅದನ್ನು ಕಂಡು ಪೆನ್ನು ತೆಗೆಯುವಷ್ಟರಲ್ಲಿ ಇರುತ್ತಿರಲಿಲ್ಲ. ಕಪ್ಪು ಹೆಚ್ಚಾಗಿ ಬರುತ್ತಿದ್ದದ್ದು ಸಂಜೆ, ನಮ್ಮೂರಿನ ಏರಿನಲ್ಲಿ. ಮಾವ ಗೇರು ಬದಲಿಸಿದಾಗ ಬಸ್ಸು ಒಮ್ಮೆ ಉಸಿರು ಹಿಡಿದು, ಆಮೇಲೆ ಜಡೆ ಬಿಚ್ಚಿದ ಹಾಗೆ ಕರ್ರಗೆ ಸುರಿಸುತ್ತಿತ್ತು. ಅದರ ಹಿಂದೆ ಮುಳುಗುವ ಸೂರ್ಯನನ್ನು ಕಣ್ಣು ಕಿರಿದು ಮಾಡದೆ ನೋಡಬಹುದಿತ್ತು. ನಾನು ಅಷ್ಟು ಹೊತ್ತು ಸೂರ್ಯನನ್ನು ನೋಡಿದ್ದು ಆ ದಿನಗಳಲ್ಲೇ. ಬೆರಳುಗಳು ಮಾತ್ರ ಸೀಟಿನ ಕಂಬಿಯ ಮೇಲೆ ಪಾಠದ ಅಕ್ಷರಗಳನ್ನು ತಮ್ಮಷ್ಟಕ್ಕೆ ಹೊಡೆಯುತ್ತಿದ್ದವು.

ಹದಿನೈದನೇ ತಾರೀಕು, ಶನಿವಾರ, ಲೆಕ್ಕ ಕೂಡಿಸಿದೆ. ಭಾನುವಾರ ಬಿಟ್ಟು ಹನ್ನೆರಡು ದಿನ. ಬಿಳಿ ಹನ್ನೆರಡು, ನೀಲಿ ಐದು, ಕಪ್ಪು ಇಪ್ಪತ್ತೊಂದು.

ಮೇಸ್ತ್ರಿಯ ಶೆಡ್ಡು ಹೆದ್ದಾರಿಯ ಪಕ್ಕದ ಬೇವಿನಮರದ ಕೆಳಗಿತ್ತು. ಸೋಮವಾರ ಮಾವನ ಜೊತೆ ಹೋಗಿ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಬಿಳಿ ಬಿಡಮ್ಮ, ಚಳಿಗೆ ಎಲ್ಲಾ ಇಂಜಿನ್ನೂ ಹಂಗೇ. ನೀಲಿ ಅಂದ್ರೆ ಆಯಿಲ್ ಸುಡ್ತೈತೆ, ಐದೇ ಸಲ ಅಲ್ವಾ? ವಯಸ್ಸಾಗೈತೆ, ಅಷ್ಟಿರ್ತೈತೆ. ಈ ಕರೀದೇ ನೋಡು ನಮಗೆ ಆಗ್ದೇ ಇರೋದು. ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ.” ಕಣ್ಣು ಬಿಟ್ಟು ಮಾವನ ಕಡೆ ತಿರುಗಿದರು. “ಏನ್ರಿ ಡ್ರೈವರೇ, ನಿಮ್ಮನ್ನ ಕೇಳಿದ್ರೆ ‘ಬರ್ತೈತೆ, ಹೋಗ್ತೈತೆ’ ಅಂದ್ರಿ. ಈ ಹುಡ್ಗಿ ನೋಡ್ರಿ, ಬರಾಬರ್ ಬರ್ದವ್ಳೆ. ನೀವು ಟೈಪಿಂಗಿಗೆ ಹೋಗ್ರಿ, ಇವ್ಳಿಗೆ ಸ್ಟೇರಿಂಗ್ ಕೊಡ್ರಿ.”

ಗಾಳಿ ಸೋಸುವ ಡಬ್ಬಿ ಬಿಚ್ಚಿದರೆ ಮುದ್ದೆಯಷ್ಟು ಮಣ್ಣು ಸಿಕ್ಕಿತು. ಅದನ್ನು ತೊಳೆದರು. ಡೀಸೆಲ್ ಚಿಮ್ಮುವ ನಾಜಲ್‌ಗಳನ್ನು ಬಿಚ್ಚಿ ಶುಚಿ ಮಾಡಿದರು. ಮುಂದಿನ ಆರು ದಿನಗಳಲ್ಲಿ ಕಪ್ಪು ಬರೀ ಐದು ಸಲ, ಐದೂ ಏರಿನಲ್ಲೇ. ಅದಕ್ಕಿಂತ ಕಡಿಮೆ ಆಗಲಿಲ್ಲ.

ಇಪ್ಪತ್ತೈದು, ಮಂಗಳವಾರ, ದುರ್ಗಕ್ಕೆ ಹೋಗುವ ದಿನ. ಬೆಳಿಗ್ಗೆ ಜನರನ್ನು ಹಿರಿಯೂರಿನಲ್ಲಿ ಇಳಿಸಿ, ಖಾಲಿ ಬಸ್ಸು ದುರ್ಗಕ್ಕೆ ಹೋಗಿ ಸಂಜೆಯ ಹೊತ್ತಿಗೆ ಹಿಂದಿರುಗಬೇಕು. ಅಜ್ಜಿಗೆ ದುರ್ಗದ ಆಸ್ಪತ್ರೆಯಲ್ಲಿ ಕಣ್ಣು ತೋರಿಸುವುದಿತ್ತು. ಅವಳ ಜೊತೆಗೆ ಅಂತ ನಾನೂ ಕ್ಲಾಸಿಗೆ ರಜೆ ಹಾಕಿ ಬಸ್ಸಿನಲ್ಲೇ ಉಳಿದೆ. ಹೊರಡುವ ಮೊದಲು ಮೇಸ್ತ್ರಿ ಬಾನೆಟ್ ಎತ್ತಿ ಡೀಸೆಲ್ ಪಂಪಿನ ಮೇಲಿದ್ದ ಒಂದು ಸ್ಕ್ರೂ ತಿರುಗಿಸಿದರು.

“ಇಂಜಿನ್ ಎಷ್ಟು ಡೀಸೆಲ್ ಕುಡೀಬೇಕು ಅಂತ ಹೇಳೋದು ಇದೇ. ಇವತ್ತೊಂದಿನ ಉಪವಾಸ. ಸಾಯಂಕಾಲ ಬರ್ರಿ, ಮತ್ತೆ ಮೊದಲಿನಂಗೆ ಮಾಡಾಣ.”

“ಉಪವಾಸದಾಗೆ ಏರು ಹತ್ತುತ್ತೇನು?” ಅಂದೆ.

“ಖಾಲಿ ಬಸ್ಸು, ಹೆದ್ದಾರಿ. ಯಾವ ಏರಮ್ಮ?” ಅಂದ ಮಾವ.

ನಾನು ಬರೆದುಕೊಂಡೆ: ‘ಸ್ಕ್ರೂ, ಒಂದೂವರೆ ಸುತ್ತು.’

ಅಂದು ಹಿಂದಿನ ಗಾಜಿನಲ್ಲಿ ಏನೂ ಇರಲಿಲ್ಲ. ರಸ್ತೆ ಬರೀ ರಸ್ತೆಯಾಗಿ ಹಿಂದೆ ಸರಿಯಿತು. ಖಾಲಿ ಸೀಟುಗಳು ಒಂದಕ್ಕೊಂದು ತಾಗಿ ಮಾತಾಡಿಕೊಳ್ಳುತ್ತಿದ್ದವು. ದುರ್ಗದ ಬಂಡೆಗಳು ಮೊದಲು ಮೋಡದ ಹಾಗೆ, ಆಮೇಲೆ ಯಾರೋ ಪೇರಿಸಿಟ್ಟ ಹಾಗೆ ಕಂಡವು. ಆಸ್ಪತ್ರೆಯ ಕೆಲಸ ಬೆಳಿಗ್ಗೆಯೇ ಮುಗಿಯಿತು. ಕಣ್ಣಿನ ಪೊರೆ ಇನ್ನೂ ಬಲಿಯಲಿ, ಬೇಸಿಗೆ ಕಳೆದು ಬನ್ನಿ ಅಂದರು ಡಾಕ್ಟರು. ಅಲ್ಲಿಂದ ಗಾಡಿ ತಪಾಸಣೆಯ ಮೈದಾನಕ್ಕೆ ಹೋದೆವು.

ಇನ್ಸ್‌ಪೆಕ್ಟರು ಸಣ್ಣ ದನಿಯ ಮನುಷ್ಯ. ಬ್ರೇಕ್, ಹಾರನ್, ದೀಪ ಎಲ್ಲ ನೋಡಿ, ಕೊನೆಗೆ ಜೇಬಿನಿಂದ ಮಡಿಕೆ ಬಿಡಿಸದ ಬಿಳೀ ಕರವಸ್ತ್ರ ತೆಗೆದು ಬಸ್ಸಿನ ಹೊಗೆ ಕೊಳವೆಯ ಬಾಯಿಗೆ ಕಟ್ಟಿದರು. “ರೇಸ್ ಕೊಡಪ್ಪ,” ಅಂದರು. ಮಾವ ಒತ್ತಿದ. ಅವರು ಹತ್ತು ಎಣಿಸಿದರು. ನಾನೂ ಮನಸ್ಸಿನಲ್ಲೇ ಎಣಿಸಿದೆ. ಬಿಚ್ಚಿ ನೋಡಿದರೆ ವಿಭೂತಿಯ ಕೈ ಒರೆಸಿದಷ್ಟು ಗುರುತು, ಅಷ್ಟೇ. ಮೇ ತಿಂಗಳ ಪರೀಕ್ಷೆ ನನ್ನ ಕಣ್ಣ ಮುಂದೆ ಬಂದು ನಿಂತಿತು.

“ಪರವಾಗಿಲ್ಲವೇ! ಇಷ್ಟು ಹಳೇ ಗಾಡಿ, ಹೊಗೇನೇ ಬಿಡೋದಿಲ್ಲವಲ್ಲ ಇದು!” ಎಂದರು.

ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಅಜ್ಜಿಗೆ ಇದು ನಮ್ಮ ಬಸ್ಸನ್ನು ಹೀಗಳೆದಂತೆ ಕೇಳಿಸಿತು. ಎದ್ದು ಬಂದಳು.

“ಯಾಕ್ ಬಿಡಲ್ಲ ಸ್ವಾಮಿ? ನಮ್ ಬಸ್ಸು ಅಂದ್ರೆ ಏನಂತ ತಿಳ್ಕಂಡ್ರಿ? ಏರು ಹತ್ತಕ್ಕೆ ಹಿಡಿದ್ರೆ ಅದ್ರ ಹೊಗೆ ನಾಕೂರಿಗೆ ಕಾಣ್ತೈತೆ. ನನ್ ಮಗ ಗುಡ್ಡದಾಗೆ ಕುರಿ ಬಿಟ್ಕಂಡು ದಿನಾ ಅದನ್ನೇ ಕಾಯ್ತಾನೆ. ಹೊಗೆ ಕಂಡ್ಮೇಲೇನೇ, ಮಗ್ಳು ಬಂದ್ಲು ಅಂತ ಕುರಿ ಹೊಡ್ಕಂಡು ಮನೆ ಕಡೆ ಹೊಳ್ಳೋದು.”

ಅಪ್ಪ ಹೊಗೆ ಕಾಯುತ್ತಿದ್ದದ್ದು ನನಗೂ ಗೊತ್ತಿರಲಿಲ್ಲ. ನಾನು ಗಾಜಿನೊಳಗಿಂದ ನೋಡುತ್ತಿದ್ದ ಅದೇ ಕಪ್ಪನ್ನು ಗುಡ್ಡದ ಮೇಲೆ ನಿಂತು ಅವನೂ ನೋಡುತ್ತಿದ್ದ. ಅದನ್ನು ಯೋಚಿಸುತ್ತಾ ನಿಂತವಳಿಗೆ ಮಾವನ ಮುಖ ಬಿಳಿಚಿದ್ದು ತಡವಾಗಿ ಕಂಡಿತು. ಇನ್ಸ್‌ಪೆಕ್ಟರು ನಗುತ್ತಾ ಬಾನೆಟ್ ಎತ್ತಿಸಿ, ಸ್ಕ್ರೂ ಮೇಲಿನ ಹೊಸ ಸ್ಪ್ಯಾನರ್ ಗುರುತನ್ನು ಬೆರಳಿನಿಂದ ಮುಟ್ಟಿದರು.

“ಎಷ್ಟು ಸುತ್ತು ತಿರುಗಿಸಿದ್ರಿ?”

ಮಾವ ಬಂಡೆಗಳ ಕಡೆ ನೋಡಿದ.

“ಒಂದೂವರೆ,” ಅಂದೆ ನಾನು. ಯಾರಾದರೂ ಎಷ್ಟು ಎಂದು ಕೇಳಿದರೆ ನನ್ನ ಬಾಯಿ ಕಾಯುವುದಿಲ್ಲ.

ಅವರು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದರು, ಕೇಳಿ ತೆಗೆದುಕೊಳ್ಳಲಿಲ್ಲ. “ಸರಿ. ಹೊಗೆ ಇಲ್ಲದೆ ಓಡ್ತದೆ ಅಂತ ನೀವೇ ತೋರಿಸಿದ್ರಿ. ಹಾಗೇ ಓಡಲಿ.” ಸ್ಕ್ರೂಗೆ ತಂತಿ ಸುತ್ತಿಸಿ, ಸೀಸದ ಬಿಲ್ಲೆ ಒತ್ತಿಸಿ ಸೀಲು ಹಾಕಿಸಿದರು. ಸ್ಕ್ರೂ ಮತ್ತೆ ತಿರುಗಿಸಲು ಸೀಲು ಮುರಿದರೆ ಎಫ್‌ಸಿ ರದ್ದು. ಪತ್ರಕ್ಕೆ ಸಹಿ ಮಾಡಿಕೊಟ್ಟರು.

ಹಿರಿಯೂರಿನವರೆಗೂ ಮಾವ ಒಂದೇ ಮಾತು ಆಡಿದ್ದು. “ಅತ್ತೆ, ಅವ್ರು ಪಂಪಿಗಲ್ಲ, ನಿಮ್ಮಿಬ್ರ ಬಾಯಿಗೆ ಸೀಲ್ ಹಾಕ್ಬೇಕಿತ್ತು.”

“ನನ್ ಬಾಯಿಗಾಗೋ ಸೀಲು ಇನ್ನೂ ಮಾಡಿಲ್ಲ ಕಣಪ್ಪ. ನೀನು ರಸ್ತೆ ನೋಡು,” ಅಂದಳು ಅಜ್ಜಿ.

ಸಂಜೆ ಹಿರಿಯೂರಿನಲ್ಲಿ ಬಸ್ಸು ತುಂಬಿತು. ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡಿತು. ನಮ್ಮೂರಿನ ಏರಿನ ಬುಡಕ್ಕೆ ಬಂದು, ಕಾಲು ಭಾಗ ಹತ್ತಿ, ನಿಂತುಬಿಟ್ಟಿತು. ಮಾವ ಹಿಂದಕ್ಕೆ ಬಿಟ್ಟು ಇನ್ನೊಮ್ಮೆ ನೋಡಿದ. ಆಗಲಿಲ್ಲ. “ಇಳೀರಪ್ಪ ಎಲ್ರೂ. ನಡ್ಕಂಡ್ ಬರ್ರಿ,” ಅಂದ. “ಓಹೋ, ಪಾಸಾದ ಬಸ್ಸು ಇದೇನಾ?” ಅಂತ ಯಾರೋ ನಕ್ಕರು. ಅಜ್ಜಿ ಮತ್ತು ಒಬ್ಬ ಬಾಣಂತಿ ಒಳಗೆ ಉಳಿದರು. ಇಳಿದವರು ಮೂವತ್ತನಾಲ್ಕು ಜನ.

ಬಸ್ಸು ಹಗುರಾಗಿ ನಿಧಾನ ಹತ್ತತೊಡಗಿತು. ಅದರ ಎರಡೂ ಪಕ್ಕ ನಾವು ನಡೆದೆವು. ಹೊತ್ತು ಮುಳುಗಿ ಆಕಾಶ ಮಾತ್ರ ಬೆಳಗಿತ್ತು. ಹೊಗೆ ಇಲ್ಲದ ಗಾಳಿಯಲ್ಲಿ ದೂರದ ಕಲ್ಲು, ಪೊದೆ, ಒಂದೊಂದು ಎಲೆ ಕೂಡ ಹತ್ತಿರ ಬಂದಂತೆ ಕಾಣುತ್ತಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ಮೆತ್ತಗೆ ಮಾತಾಡುತ್ತಿದ್ದರು. ಇಂಜಿನ್ನಿನ ಸದ್ದಿಗೂ ನಮ್ಮ ಹೆಜ್ಜೆಗೂ ಒಂದೇ ವೇಗ. ಎಲ್ಲರೂ ಸೇರಿ ಯಾವುದೋ ದೊಡ್ಡ ಸಾಧು ಪ್ರಾಣಿಯನ್ನು ಮನೆಗೆ ಹೊಡೆದುಕೊಂಡು ಹೋಗುತ್ತಿರುವ ಹಾಗಿತ್ತು. ಆಗ ಮೇಲೆ, ಊರಿನ ಕಡೆ, ಒಂದು ದೀಪ ಕಂಡಿತು. ಎರಡು. ಐದು. ವಾಚು ನೋಡಿದೆ. ಆರೂ ಐವತ್ತು. ಅಪ್ಪ ಹೇಳಿದ್ದ ದೀಪ ಹಚ್ಚುವ ಹೊತ್ತು ಮೀರಿತ್ತು.

ಏರಿನ ತುದಿಯಲ್ಲಿ ಅಪ್ಪ ನಿಂತಿದ್ದ. ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದವನು, ಕೈಯಲ್ಲಿ ಕೋಲು.

“ಬಸ್ಸು ಬಂದಿದ್ದು ಕಾಣ್ಲೇ ಇಲ್ಲ,” ಅಂದ.

ನಾನು ಎಲ್ಲ ಹೇಳಿದೆ. ಪಾಸಾಗಿದ್ದು, ಸೀಲು ಹಾಕಿದ್ದು, ಒಂದೂವರೆ ಎಂದು ನಾನೇ ಹೇಳಿದ್ದು.

“ದಿನಾ ಹಿಂಗೇನಾ?”

“ದಿನಾ.”

ಮಾವ ಬಸ್ಸಿನ ಬಾಗಿಲಿನಿಂದ ತಲೆ ಹಾಕಿದ. “ಭಾವ, ಹುಡ್ಗೀದು ಪರೀಕ್ಷೆ ಐತೆ. ಇನ್ ಮೂರ್ ತಿಂಗ್ಳು ಅಷ್ಟೇ.”

ಅಪ್ಪ ಅವನ ಕಡೆ ನೋಡಲಿಲ್ಲ. ಏರಿನ ಎಡಬಲಕ್ಕೆ ಕಣ್ಣಾಡಿಸಿದ. ಅಲ್ಲಿ ಇದ್ದದ್ದು ಕೆಂಪು ನೊರಜುಗಲ್ಲು, ನಾಲ್ಕಾರು ಜಾಲಿಗಿಡ. ಆ ತಿಂಗಳಲ್ಲಿ ಮೇಕೆ ಕೂಡ ಬಾಯಿ ಹಾಕದ ಜಾಗ.

“ಈ ಕಡೆ ಮೇವು ಪರವಾಗಿಲ್ಲ. ನಾಳೆಯಿಂದ ಕುರಿ ಇಲ್ಲಿಗೇ ತರ್ತೀನಿ.”

“ಏನ್ ಮೇಯ್ತಾವೋ ಇಲ್ಲಿ, ಕಲ್ಲಾ?” ಅಂತ ಅಜ್ಜಿ ಕಿಟಕಿಯಿಂದ ಕೂಗಿದಳು.

ಅಪ್ಪ ನನ್ನ ಚೀಲ ತೆಗೆದುಕೊಂಡು ಕೋಲಿಗೆ ಸಿಕ್ಕಿಸಿ ಹೆಗಲ ಮೇಲಿಟ್ಟ. ಜನ ಮತ್ತೆ ಬಸ್ಸು ಹತ್ತುತ್ತಿದ್ದರು. ನಾವಿಬ್ಬರು ಹತ್ತದೆ ಊರಿನ ಕಡೆ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಕೇಳಿದ:

“ಬೆಳಿಗ್ಗೆ ಏಳೂವರೆಗೇ ಅಲ್ವೇನು?”

“ಏಳೂವರೆಗೇ,” ಅಂದೆ.