ಗದ್ದದಲ್ಲಿ ನುಡಿಸುವ ಮಾಮ

“ಅಮ್ಮಾ, ಕೈ ಎರಡೂ ಚೆನ್ನಾಗಿದ್ರೂ ಕೀಬೋರ್ಡ್ ಮಾಮ ಯಾಕೆ ಗದ್ದದಲ್ಲಿ ನುಡಿಸ್ತಾನೆ?” ಎಂದು ಮಗಳು ಇವತ್ತು ಕೇಳಿದಳು. ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಅವರು ವಾದ್ಯ ರಿಪೇರಿ ಮಾಡುತ್ತಾರೆ. ಹೊಸ ಕೀಬೋರ್ಡ್ ಬಂದರೆ ಮೊದಲು ಕಣ್ಣಿಗೆ ಟವೆಲ್ ಕಟ್ಟಿಕೊಂಡು ಅದನ್ನು ತಡವುತ್ತಾರೆ. ಬೆರಳಿಗೆ ಏನೂ ತಿಳಿಯದ ನುಣ್ಣನೆಯ ಪರದೆ ಸಿಕ್ಕಿತೋ, ಮಾಡಿದವನ ಜನ್ಮ ಜಾಲಾಡಿ, ಕುರುಡರ ಬೆರಳಿಗೆ ಗುರುತು ಸಿಗಲೆಂದು ಅದರ ಮೇಲೆ ತಮ್ಮ ಅಂಗಿಯ ಗುಂಡಿಗಳನ್ನು ಅಂಟಿಸುತ್ತಾರೆ. ಅವರ ಅಂಗಿಗಳೆಲ್ಲ ಈಗ ಪಿನ್ನಿನ ಮೇಲೆಯೇ ನಿಂತಿವೆ. “ಇದೆಲ್ಲ ಆಗೋ ಮಾತಾ?” ಎಂದು ಯಾರಾದರೂ ನಕ್ಕರೆ, “ಆಗ್ದೆ ಎಲ್ಲಿಗ್ ಹೋಗುತ್ತೆ?” ಎಂದು ಸ್ಕ್ರೂಡ್ರೈವರ್ ತಿರುಗಿಸುತ್ತಾರೆ. ಈಗ ತಾವೇ ನುಡಿಸಿ ಪರೀಕ್ಷಿಸುತ್ತಿರುವ, ಗದ್ದದಿಂದ ಒತ್ತುವ ಕೀಲಿಗಳ ಪಟ್ಟಿ ಮಾತ್ರ ಅವರ ಅಕ್ಕನಿಗಾಗಿ. ಹಾರ್ಮೋನಿಯಂ ಟೀಚರ್ ಆಗಿದ್ದ ಆ ಅಕ್ಕನಿಗೆ ಈಗ ಕುತ್ತಿಗೆಯ ಕೆಳಗೆ ಏನೂ ಅಲುಗುವುದಿಲ್ಲ. ಅಕ್ಕ ಮೂಗು ಮುರಿದಾಗಲೆಲ್ಲ ತಮ್ಮ ಅದನ್ನು ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಸಂಜೆ ಒಣಗಿದ ಬಟ್ಟೆ ತರಲು ಇಳಿದಾಗ ಮಾಮ ನನ್ನನ್ನು ಕರೆದರು: “ನಾಳೆ ಅಕ್ಕ ನುಡಿಸ್ತಾಳೆ ಕಣಮ್ಮಾ, ನೀನು ಮಗಳನ್ನ ಮಲಗಿಸೋವಾಗ ಹಾಡ್ತೀಯಲ್ಲ, ಅದೇ ಜೋಗುಳ. ಮಗಳನ್ನ ಕರ್ಕೊಂಡು ಬರ್ತೀಯಾ? ದೊಡ್ಡೋರೆಲ್ಲ ಪಾಪ ಅಂತ ಚಪ್ಪಾಳೆ ತಟ್ಟಿಬಿಡ್ತಾರೆ. ತಪ್ಪಾದ್ರೆ ತಪ್ಪು ಅಂತ ಮುಖದ ಮೇಲೆ ಹೇಳೋರು ಬೇಕಂತೆ ಅವಳಿಗೆ.”