ಮಲ್ಲಿಗೆ ಮುಡಿದು ಪೆಟ್ಟಿಗೆ ತೆರೆದ ಉಮಾವತಿ

ತೆಂಗಿನ ಬುಡದ ಆರನೇ ಪೆಟ್ಟಿಗೆಯ ಗುಂಯ್ ಸದ್ದು ಎರಡು ದಿನದಿಂದ ಏರುತ್ತಲೇ ಇತ್ತು. ಬಾರ್ಕೂರಿನ ಆ ಹಿತ್ತಲಲ್ಲಿ ಹದಿನೆಂಟು ವರ್ಷ ಜೇನು ಸಾಕಿದ ಉಮಾವತಿಗೆ ಅದರ ಅರ್ಥ ಗೊತ್ತು. ಒಳಗೆ ಜಾಗ ಸಾಲದು; ಇವತ್ತೋ ನಾಳೆಯೋ ಅರ್ಧ ಸಂಸಾರ ಹಾರಿ ಕಾಡು ಸೇರುತ್ತದೆ. ಪಾಲು ಮಾಡಿ ಬೇರೆ ಪೆಟ್ಟಿಗೆಗೆ ಇಳಿಸಿದರೆ ಉಳಿದೀತು. ಆದರೆ ಇನ್ನೊಂದು ಪೆಟ್ಟಿಗೆಗೆ ಆಗುವಷ್ಟು ಹೂವು ಈ ಹಿತ್ತಲಲ್ಲಿಲ್ಲ.

ಒಯ್ಯುತ್ತೇನೆ ಎಂದವಳು ಕೋಟದ ವನಜ. ಅವಳ ಕುಂಬಳದ ಬಳ್ಳಿಯ ತುಂಬ ಹೂವು, ಕಾಯಿ ಮಾತ್ರ ನಿಲ್ಲದು. ಹಾಗಾಗಿ ಜೇನು ಬೇಕೇ ಬೇಕು, ಹೆದರಿಕೆಯೂ ಬೇಕಾದಷ್ಟಿತ್ತು. ಎರಡು ಸಲ ಬಂದು ಬರಿಗೈಲಿ ಹೋಗಿದ್ದಳು. ಇವತ್ತು ಸಂಜೆ ಭೋಜ ಓಡಿಸುವ ರಿಕ್ಷಾದಲ್ಲಿ ಬಂದು ಅಂಗಳದಾಚೆಯೇ ನಿಂತಳು.

"ಉಮಕ್ಕಾ, ಕಚ್ಚುದಿಲ್ಲ ಅಂತ ಒಂದ್ಸಲ ಹೇಳಿ. ಹೊತ್ಕಂಡ್ ಹೋತೆ."

"ಕಚ್ಚುದಿಲ್ಲ. ನನ್ ಗುರ್ತ ಇತ್ತ್ ಅವಕ್ಕೆ. ಕಾಣ್."

ತೆಂಗಿನ ಸಿಪ್ಪೆಯ ಹೊಗೆ ಊದಿ ಉಮಾವತಿ ಮುಚ್ಚಳ ತೆಗೆದಳು. ಒಂದು ಹುಳು ಮೇಲೆದ್ದು, ಅವಳ ತಲೆಗೆ ಎರಡು ಸುತ್ತು ಬಂದು, ಮೂಗಿನ ತುದಿಗೇ ಕಚ್ಚಿತು.

ವನಜ ಓಡಿ ರಿಕ್ಷಾ ಹತ್ತಿದಳು. ಭೋಜ ಇಂಜಿನ್ ಶುರು ಮಾಡಿದ.

ಉಮಾವತಿ ಓಡಲಿಲ್ಲ. ಮುಚ್ಚಳ ಮೆಲ್ಲ ಇಟ್ಟು, ಕೊಂಡಿಯನ್ನು ಹಿಂಡದೆ ಉಗುರಿನಿಂದ ಅಡ್ಡಕ್ಕೆ ಗೀರಿ ತೆಗೆದಳು. ಆ ವಾಸನೆಗೆ ಇನ್ನೊಂದು ಹುಳು ಬಾರದಿರಲೆಂದು ಮೂಗಿಗೂ ಹೊಗೆ ಕೊಟ್ಟು ಎರಡು ಸಲ ಸೀನಿದಳು. ಆಮೇಲೆ ಕೈ ತಾನಾಗಿ ಜಡೆಗೆ ಹೋಯಿತು. ಮಲ್ಲಿಗೆ! ಬೆಳಿಗ್ಗೆ ಬ್ರಹ್ಮಾವರದಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೋದಾಗ ಮುಡಿದದ್ದು. ಪೆಟ್ಟಿಗೆಯ ಹತ್ತಿರ ಪರಿಮಳ ಕೂಡದೆಂದು ಊರಿಗೆಲ್ಲ ಹೇಳುವವಳು ಎರಡು ಮೊಳ ಮುಡಿದೇ ಬಂದಿದ್ದಳು.

ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು.

"ಸುಳ್ ಹೇಳ್ದೆ ಮಾರಾಯ್ತಿ! ಕಚ್ಚುತ್ತ್. ಹದಿನೆಂಟ್ ವರ್ಷದಿಂದ ಕಚ್ತಾ ಇತ್ತ್. ಉರಿ ಒಂದ್ ಗಳಿಗೆ, ತುರಿಕೆ ಎರಡ್ ದಿನ. ಉಸ್ರ್ ಕಟ್ಟಿರೆ ಮಾತ್ರ ಆಸ್ಪತ್ರೆಗೆ ಓಡ್ಕ್."

"ಹ್ವಾಯ್, ಮೂಗ್ ಬದ್ನೆಕಾಯಿ ಆಯ್ತಲೆ!" ಎಂದ ಭೋಜ.

"ನಿನ್ ರಿಕ್ಷಾಕ್ಕೆ ಹಾರನ್ ಮಾಡಿ ಕಟ್ಕೊ."

ರಿಕ್ಷಾದೊಳಗಿಂದ ನಗು ಕೇಳಿತು. ಕಚ್ಚುವುದಿಲ್ಲ ಎಂದವರನ್ನು ವನಜ ಇಷ್ಟು ದಿನ ನಂಬಿರಲಿಲ್ಲ. ಕಚ್ಚುತ್ತದೆ ಎನ್ನುವ ಆ ಕೆಂಪು ಮೂಗನ್ನು ನಂಬದಿರಲು ಆಗಲಿಲ್ಲ. ಅವಳು ಕೆಳಗಿಳಿದು ತನ್ನ ಮುಡಿಯ ಹೂವನ್ನೂ ತೆಗೆದು ರಿಕ್ಷಾದ ಕನ್ನಡಿಗೆ ಸುತ್ತಿದಳು.

"ಕೊಂಡಿ ತೆಗಿಯುದ್ ಇನ್ನೊಂದ್ಸಲ ತೋರ್ಸಿ, ಉಮಕ್ಕ."

ಹೊಸ ರಾಣಿ ಹುಟ್ಟಲಿದ್ದ ಗೂಡಿನ ಜೇನೆರಿಯ ಜೊತೆ ಇನ್ನೆರಡು ಎರಿಗಳನ್ನು ಹುಳು ಸಮೇತ ಉಮಾವತಿ ಖಾಲಿ ಪೆಟ್ಟಿಗೆಗೆ ಇಳಿಸಿದಳು. ಹೊತ್ತು ಮುಳುಗಿದ ಮೇಲೆ ಅದರ ಬಾಗಿಲಿಗೆ ಜಾಲರಿ ಕಟ್ಟಿದಳು. ಆರನೇ ಪೆಟ್ಟಿಗೆಯ ಸದ್ದು ತಗ್ಗಿತ್ತು.

"ಮನೆಗ್ ಹೋದ್ಮೇಲೆ ನಂಗೂ ಕಚ್ಚಿರೆ?" ಎಂದಳು ವನಜ.

"ಕಚ್ಚಿರೆ ಮೊದ್ಲ್ ಓಡೂಕಾಗ. ಮತ್ತೆ ಕೊಂಡಿ ಗೀರಿ ತೆಗಿಕ್, ಹೊಗೆ ಕೊಡ್ಕ್, ನಗಾಡ್ಕ್" ಎನ್ನುತ್ತಲೇ ಉಮಾವತಿ ಪೆಟ್ಟಿಗೆಯನ್ನು ಎದೆಗವಚಿ ಎತ್ತಿ, ಊದಿದ ಮೂಗು ಮುಂದೆ ಮಾಡಿಕೊಂಡು ರಿಕ್ಷಾದ ಕಡೆ ನಡೆದೇಬಿಟ್ಟಳು.