ಒಣಗಿದ ಬ್ರೆಡ್ಡೂ ನಮ್ಮತ್ತೆಯೂ

ಮೊನ್ನೆ ಬೆಳಿಗ್ಗೆ ನಮ್ಮ ಅಡುಗೆಮನೆ ತುಂಬಾ ಬ್ರೆಡ್ಡಿನ ಪುಡಿ ಹುರಿಯುವ ಪರಿಮಳ. ಕಾವಲಿಗೆ ಚೂರು ತುಪ್ಪ ಸವರಿ, ಸೀಯದ ಹಾಗೆ ಕೈಯಾಡಿಸುತ್ತ ನಿಂತಿದ್ದೆ. ಒಳಕೋಣೆಯಲ್ಲಿ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಜ್ವರವೇನೋ ಬಿಟ್ಟಿತ್ತು. ಆದರೆ ಗಂಜಿ ಕೊಟ್ಟರೂ ಬೇಡ, ಮೆತ್ತಗಿನ ಅನ್ನ ಕೊಟ್ಟರೂ ಬೇಡ. ಮಧ್ಯಾಹ್ನ ನರಸಿಂಹರಾಜಪುರದಿಂದ ನನ್ನ ಗಂಡನ ಅಕ್ಕ ಕಾರು ತರುವವರಿದ್ದರು. ಅಲ್ಲಿ ಊಟ ಸೇರುವುದಿಲ್ಲವೆಂದರೆ ಅಮ್ಮ ನಮ್ಮನೆಯಲ್ಲೇ ಇರಲಿ ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಹೆತ್ತ ಮಗಳು, ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅತ್ತೆ ಇಲ್ಲದ ಮನೆ ನನಗೆ ಬೇಡ.

ಇಷ್ಟೊಂದು ಬ್ರೆಡ್ಡು ಎಲ್ಲಿಂದ ಬಂತು ಎನ್ನುತ್ತೀರಾ? ನೀವು ನಮ್ಮ ಕೊಪ್ಪದ ಕಡೆಯವರಲ್ಲ, ಬಿಡಿ. ಇಲ್ಲಿ ಯಾರಿಗಾದರೂ ಹುಷಾರಿಲ್ಲ ಎಂಬ ಸುದ್ದಿ ಹೊರಬಿದ್ದರೆ ಸಾಕು, ನೋಡಲು ಬಂದವರ ಕೈಯಲ್ಲೆಲ್ಲ ಒಂದು ಬ್ರೆಡ್ಡು. ಕಾಯಿಲೆ ಯಾವುದೆಂದು ಯಾರೂ ಕೇಳುವುದಿಲ್ಲ, ಕಾಲು ಉಳುಕಿದವರಿಗೂ ಬ್ರೆಡ್ಡೇ. ಗಟ್ಟಿಮುಟ್ಟಾದವರು ಆಸೆಪಟ್ಟು ತಿಂದರೋ, ಎಂತ, ಜ್ವರವಾ ಎಂದು ವಿಚಾರಿಸುತ್ತಾರೆ. ರೋಗಿಗಂತೂ ಅದರ ಮುಖ ಕಂಡರಾಗದು. ಹಾಗಾಗಿ ಪ್ಯಾಕೆಟ್ಟಿನ ಮೇಲೆ ಪ್ಯಾಕೆಟ್ಟು ಕೂತು ಕಪಾಟಿನಲ್ಲೇ ಹಳತಾಗುತ್ತದೆ.

ನಾನು ಮೇಗುಂದದ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನನಗೂ ಹೀಗೇ ಜ್ವರ ಬಂದಿತ್ತು. ಜ್ವರ ಇಳಿದರೂ ನಾಲಿಗೆ ಕಹಿ. ತಟ್ಟೆ ಬಂದ ಹಾಗೇ ವಾಪಸು ಹೋಗುತ್ತಿತ್ತು. ಸೀತೂರಿನಿಂದ ಅಪ್ಪ ಬ್ರೆಡ್ಡು ಹಿಡಿದು ಬಂದು ನೋಡಿಕೊಂಡು ಹೋದರು. ಮತ್ತೆ ಬಂದಾಗ ಜೀಪು ತಂದಿದ್ದರು. ಸುಧಾರಿಸಿಕೊಳ್ಳುವ ತನಕ ಮಗಳು ತವರಿನಲ್ಲಿರಲಿ ಎಂದರು. ಅತ್ತೆಯ ಮುಖ ಸಣ್ಣದಾಯಿತು. ಹೊಸ ಸೊಸೆಯನ್ನು ನೋಡಿಕೊಳ್ಳಲಾಗದೆ ತವರಿಗೆ ಸಾಗಹಾಕಿದರು ಎಂದು ಊರು ಆಡಿಕೊಳ್ಳದೆ ಬಿಡುತ್ತದೆಯೇ? ಆದರೂ ಅವರು ವಾದಕ್ಕಿಳಿಯಲಿಲ್ಲ.

“ಕರ್ಕೊಂಡ್ ಹೋಗಿ ಬೀಗರೇ. ಒಂದ್ ಹೊತ್ತು ನಮ್ಮನೇಲಿ ಬಾಯಿಗೆ ರುಚಿಯಾಗಿ ಉಂಡು ಹೋಗ್ಲಿ, ಅಷ್ಟೇ” ಎಂದು ಒಳಗೆ ನಡೆದರು.

ನನ್ನ ಕಾಯಿಲೆಗೆಂದು ಬಂದ ಬ್ರೆಡ್ಡಿಗೆಲ್ಲ ಅವರು ಆಗಲೇ ಒಂದು ಗತಿ ಕಾಣಿಸಿದ್ದರು. ಯಾರೋ ಅಕ್ಕರೆಯಿಂದ ತಂದದ್ದನ್ನು ದನಕ್ಕೆ ಹಾಕಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಒಂದೊಂದು ತುಂಡನ್ನೂ ಮೂಸಿ, ಬೂಷ್ಟು ಹಿಡಿದದ್ದನ್ನು ತೆಗೆದು, ಉಳಿದದ್ದನ್ನು ಮುರಿದು ಮೊರದಲ್ಲಿ ಹರಡಿ ಬಚ್ಚಲೊಲೆಯ ಕಟ್ಟೆಯ ಮೇಲಿಟ್ಟಿದ್ದರು. ಮಳೆಗಾಲದಲ್ಲಿ ಇನ್ನೆಲ್ಲಿಯ ಬಿಸಿಲು? ನೀರೊಲೆಯ ಬಿಸಿಗೆ ಅದು ಹಪ್ಪಳದ ಹಾಗೆ ಗರಿಗರಿಯಾದ ಮೇಲೆ ಒರಳಲ್ಲಿ ಕುಟ್ಟಿ, ಜರಡಿ ಹಿಡಿದು, ಡಬ್ಬಿ ತುಂಬಿಸಿದ್ದರು. ಆ ಹೊತ್ತು ಬಾಳೆಕಾಯಿ ಬಿಲ್ಲೆಗಳಿಗೆ ಉಪ್ಪು, ಕಾಳುಮೆಣಸು, ನಿಂಬೆರಸ ಹಚ್ಚಿ, ತೆಳ್ಳಗಿನ ಅಕ್ಕಿಹಿಟ್ಟಿನಲ್ಲಿ ಅದ್ದಿ, ಈ ಪುಡಿಯಲ್ಲಿ ಹೊರಳಿಸಿ ಕಾವಲಿಗೆ ಹಾಕಿದರು. ವಾಸನೆಗೇ ನಾನು ಎದ್ದು ಕೂತೆ. ತಿಂದೆ, ಮತ್ತೂ ಕೇಳಿದೆ. ಅಪ್ಪನೂ ತಿಂದು, ಇದೆಂಥದಮ್ಮ, ಇಷ್ಟು ಗರಿಗರಿ ಎಂದರು. ನೀವು ತಂದಿದ್ದೇ ಬೀಗರೇ ಎಂದರು ಅತ್ತೆ. ಜೀಪು ನನ್ನನ್ನು ಬಿಟ್ಟೇ ಹೋಯಿತು. ಎಂಥ ಹೆಂಗಸು ನೋಡಿ! ಜಗಳವಿಲ್ಲ, ಗೋಳಿಲ್ಲ, ಹಳೆ ಬ್ರೆಡ್ಡಿನಲ್ಲಿ ನನ್ನನ್ನು ಉಳಿಸಿಕೊಂಡರು.

ಈಗ ನನ್ನ ಕೈಗುಣ ಕೇಳಿ. ಒಣಗಿಸುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಿಂದಿನ ದಿನ ಬ್ರೆಡ್ಡನ್ನು ಹಾಗೇ ಮಿಕ್ಸಿಗೆ ತುರುಕಿದ್ದೆ. ಅದು ಚಪಾತಿ ಹಿಟ್ಟಿನಂತೆ ಬ್ಲೇಡಿಗೆ ಸುತ್ತಿಕೊಂಡು, ಮಿಕ್ಸಿ ಗೊರಗೊರ ನರಳಿತು. ಒಳಗಿನಿಂದ ಕ್ಷೀಣವಾಗಿ ಅತ್ತೆಯ ದನಿ ಬಂತು: “ಒಣಗ್ಸಿದ್ಯೇನೇ?” ಎರಡು ದಿನಕ್ಕೆ ಅವರಾಡಿದ ಮೊದಲ ಮಾತು. ಓಡಿಹೋಗಿ ನೋಡಿದರೆ ಮತ್ತೆ ಗೋಡೆಗೆ ತಿರುಗಿದ್ದರು. ಆ ಮಾತೊಂದರ ಧೈರ್ಯದ ಮೇಲೆ ಸಂಜೆಯೇ ಬೇರೆ ಬ್ರೆಡ್ಡು ಮುರಿದು ಬಚ್ಚಲೊಲೆಯ ಕಟ್ಟೆಯ ಮೇಲೆ ಹರಡಿದೆ. ಮೊನ್ನೆ ಬೆಳಿಗ್ಗೆ ನಾನು ಕುಟ್ಟಿ ಹುರಿಯುತ್ತಿದ್ದದ್ದು ಅದನ್ನೇ.

ಮಧ್ಯಾಹ್ನ ಅತ್ತಿಗೆ ಬಂದರು. ಕೈಯಲ್ಲಿ ಬ್ರೆಡ್ಡು ಇತ್ತೆಂದು ಬೇರೆ ಹೇಳಬೇಕೇ! ಅಮ್ಮನ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದರು. ನಾನು ಆ ಪುಡಿಯಲ್ಲಿ ಹೊರಳಿಸಿ ಕಾಯಿಸಿದ ಬಿಸಿಬಿಸಿ ಬಾಳೆಕಾಯಿ ತಂದು ಅತ್ತೆಯ ಮುಂದಿಟ್ಟೆ. ಅತ್ತೆ ನಿಧಾನವಾಗಿ ಎದ್ದು ಕೂತರು. ಒಂದು ಚೂರು ಮುರಿದು ಬಾಯಿಗಿಟ್ಟರು. ಅಗಿದರು. ಇನ್ನೊಂದು ಚೂರು ಮುರಿದರು. ಅತ್ತಿಗೆ ಮಡಿಸುತ್ತಿದ್ದ ಸೀರೆ ಕೈಯಲ್ಲೇ ಉಳಿಯಿತು. ತಟ್ಟೆ ಖಾಲಿಯಾದ ಮೇಲೆ ಅತ್ತೆ ಮಗಳತ್ತ ತಿರುಗಿದರು.

“ಚೀಲ ಬಿಚ್ಚು ಮಾರಾಯ್ತಿ. ನಾನ್ ಎಲ್ಲಿಗೂ ಬರದಿಲ್ಲ. ನೀ ತಂದಿರ ಬ್ರೆಡ್ಡು ಒಣಗ್ಬೇಕಲ್ಲ, ನೋಡ್ಕಳಕ್ಕೆ ಯಾರಾದ್ರೂ ಇರ್ಬೇಕು.”

ಅತ್ತಿಗೆ ನಕ್ಕೇಬಿಟ್ಟರು. ನನಗೆ ಮಾತ್ರ ಅಳು ತಡೆಯಲಾಗಲಿಲ್ಲ.